ಗೂಡಿನ ಚಿಕ್ಕಮ್ಮಂದಿರು

ಪ್ರಾಣಿವರ್ತನೆಯ ಪಾಠ ಶುರುವಾಗುವ ದಿನ ನಾನು ವಿದ್ಯಾರ್ಥಿಗಳನ್ನು ಕ್ಲಾಸಿನಲ್ಲಿ ಕೂರಿಸುವುದಿಲ್ಲ. ಲ್ಯಾಬಿನ ಹಿಂದೆ, ಕಿಟಕಿಯ ಸಜ್ಜಾ ಕೆಳಗೆ ಕಣಜದ ಗೂಡೊಂದಿದೆ. ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಅಂಗೈಗಿಂತ ಚಿಕ್ಕ ಗೂಡು. ಮರದ ನಾರನ್ನು ಅಗಿದು, ಎಂಜಲಲ್ಲಿ ಕಲಸಿ ಕಟ್ಟಿದ ಕಾಗದದ ಮನೆ. ಮಕ್ಕಳು ಮೊದಲು ಹೆದರುತ್ತಾರೆ. ಒಂದಷ್ಟು ದೂರದಲ್ಲಿ ಸುಮ್ನೆ ಕೂತು ನೋಡಿದರೆ ಅವು ನಮ್ಮ ತಂಟೆಗೆ ಬರುವುದಿಲ್ಲ.

ಸ್ವಲ್ಪ ಹೊತ್ತಿಗೆ ಒಂದು ಕಣಜ ಬಾಯಲ್ಲಿ ಸಣ್ಣ ಉಂಡೆ ಕಚ್ಚಿಕೊಂಡು ಬಂದಿಳಿಯುತ್ತದೆ. ಎಲೆ ತಿನ್ನುವ ಹುಳುವನ್ನು ಅಗಿದು ಮಾಡಿದ ಉಂಡೆ ಅದು. ಗೂಡಲ್ಲಿದ್ದ ಇನ್ನೊಬ್ಬಳು ಓಡಿ ಬಂದು ಪಾಲು ತೆಗೆದುಕೊಳ್ಳುತ್ತಾಳೆ. ಕೋಣೆ ಕೋಣೆಗೂ ತಲೆ ತೂರಿಸಿ ಮರಿಗಳಿಗೆ ತಿನ್ನಿಸುತ್ತಾಳೆ. ತಂದವಳು ಮತ್ತೆ ಹಾರುತ್ತಾಳೆ. ಆ ಮರಿಗಳು ಇಬ್ಬರದ್ದೂ ಅಲ್ಲ. ಮೊಟ್ಟೆ ಇಡುವವಳು ರಾಣಿ ಒಬ್ಬಳೇ. ಬೇರೆಯವರ ಮಕ್ಕಳಿಗೆ ಇವರು ಯಾಕೆ ಇಷ್ಟು ದುಡಿಯಬೇಕು?

1964ರಲ್ಲಿ ಬ್ರಿಟನ್ನಿನ ಜೀವವಿಜ್ಞಾನಿ ಡಬ್ಲ್ಯು.ಡಿ. ಹ್ಯಾಮಿಲ್ಟನ್ ಇದಕ್ಕೊಂದು ಲೆಕ್ಕ ಕೊಟ್ಟರು. ನನ್ನ ಜೀನುಗಳು ನನ್ನ ಮಕ್ಕಳಲ್ಲಿ ಮಾತ್ರ ಇರುವುದಲ್ಲ, ತಂಗಿಯಲ್ಲೂ ಅವಳ ಮಕ್ಕಳಲ್ಲೂ ಇರುತ್ತವೆ. ಇಬ್ಬರಲ್ಲೂ ಒಂದೇ ಆಗಿರುವ ಜೀನುಗಳ ಪಾಲನ್ನು ನಂಟಿನ ಪಾಲು ಅನ್ನೋಣ. ಅವರಿಗಾಗುವ ಲಾಭವನ್ನು ಈ ಪಾಲಿನಿಂದ ಗುಣಿಸಿದ್ದು ನನಗಾಗುವ ನಷ್ಟಕ್ಕಿಂತ ದೊಡ್ಡದಾಗಿದ್ದರೆ, ನೆರವಾಗುವ ಗುಣ ಪೀಳಿಗೆಯಿಂದ ಪೀಳಿಗೆಗೆ ಉಳಿಯುತ್ತದೆ. ಕಣಜಗಳಲ್ಲಿ ಇನ್ನೂ ಒಂದು ವಿಶೇಷವಿದೆ. ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ. ಅವನಲ್ಲಿರುವುದು ಜೀನುಗಳ ಒಂದೇ ಕಟ್ಟು, ಅವನ ಹೆಣ್ಣುಮಕ್ಕಳಿಗೆಲ್ಲ ಅದೇ ಇಡಿಯಾಗಿ ಸಿಗುತ್ತದೆ. ಹಾಗಾಗಿ ಒಂದೇ ತಂದೆ ತಾಯಿಯ ಅಕ್ಕತಂಗಿಯರ ನಡುವೆ ಮುಕ್ಕಾಲು ಪಾಲು ನಂಟು. ತಾಯಿ ಮಗಳ ನಡುವೆ ಅರ್ಧ ಮಾತ್ರ. ಮಗಳಿಗಿಂತ ತಂಗಿಯೇ ಹತ್ತಿರ!

ಉತ್ತರ ಸಿಕ್ಕಿಬಿಟ್ಟಿತು ಅನ್ನಿಸುತ್ತದೆ, ಅಲ್ವಾ? ಬಹಳ ಪುಸ್ತಕಗಳು ಇಲ್ಲಿಗೇ ನಿಲ್ಲುತ್ತವೆ. ನನಗೆ ಅದು ಬೇಸರದ ಸಂಗತಿ. ಯಾಕೆಂದರೆ ಮುಂದಿನ ಕಥೆ ನಡೆದದ್ದು ನಮ್ಮ ಬೆಂಗಳೂರಿನಲ್ಲೇ.

ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ರೋಪಲಿಡಿಯಾ ಮಾರ್ಜಿನೇಟಾ ಎಂಬ ಕಣಜದ ಬೆನ್ನು ಬಿದ್ದರು. ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕೆ ಇಟ್ಟು ಯಾರು ಏನು ಮಾಡುತ್ತಾರೆಂದು ಬರೆದಿಟ್ಟರು. ಅವರ ತಂಡ ಕಂಡಿದ್ದೇನು? ರಾಣಿ ಒಂದಕ್ಕಿಂತ ಜಾಸ್ತಿ ಗಂಡುಗಳನ್ನು ಕೂಡುತ್ತಾಳೆ. ರಾಣಿಯರೂ ಆಗಾಗ ಬದಲಾಗುತ್ತಾರೆ. ಹಾಗಾಗಿ ಕೆಲಸದವಳು ಸಾಕುತ್ತಿರುವುದು ಒಡಹುಟ್ಟಿದ ತಂಗಿಯನ್ನೇ ಆಗಬೇಕಿಲ್ಲ. ಅಕ್ಕನ ಮಗಳೋ ದೊಡ್ಡಮ್ಮನ ಮಗಳೋ ಇರಬಹುದು. ಮುಕ್ಕಾಲು ಪಾಲಿನ ನಂಟು ಅಲ್ಲಿ ಉಳಿಯುವುದೇ ಇಲ್ಲ. ಇವರು ಬಂಜೆಯರೂ ಅಲ್ಲ. ಒಂಟಿಯಾಗಿ ಇಟ್ಟು ಊಟ ಕೊಟ್ಟಾಗ ಸುಮಾರು ಅರ್ಧದಷ್ಟು ಹೆಣ್ಣುಗಳು ಮೊಟ್ಟೆ ಇಟ್ಟವು. ಕೆಲವರು ಒಬ್ಬರೇ ಹೋಗಿ ಹೊಸ ಗೂಡು ಕಟ್ಟುವುದೂ ಉಂಟು. ಮತ್ತೆ ಉಳಿದವರು ಇಲ್ಲೇ ಯಾಕೆ ಇರುತ್ತಾರೆ?

ಆಯಸ್ಸಿನ ಲೆಕ್ಕ ನೋಡಿ. ಮೊಟ್ಟೆ ಬೆಳೆದು ಕಣಜವಾಗಲು ಸುಮಾರು 62 ದಿನ ಬೇಕು. ಕೆಲಸದವಳ ಸರಾಸರಿ ಆಯಸ್ಸು ಒಂದು ತಿಂಗಳ ಆಸುಪಾಸು. ಒಂಟಿಯಾಗಿ ಗೂಡು ಕಟ್ಟಿದವಳು ಮೂವತ್ತನೇ ದಿನ ಸತ್ತರೆ ಅವಳ ಮರಿಗಳೆಲ್ಲ ಹಸಿದು ಸಾಯುತ್ತವೆ. ಪಟ್ಟ ಪಾಡೆಲ್ಲ ಮಣ್ಣುಪಾಲು. ತುಂಬಿದ ಗೂಡಿನಲ್ಲಿ ಹತ್ತೇ ದಿನ ದುಡಿದು ಸತ್ತರೂ ಆ ಹತ್ತು ದಿನದ ದುಡಿಮೆ ವ್ಯರ್ಥವಾಗುವುದಿಲ್ಲ. ಅವಳು ಬಿಟ್ಟುಹೋದಲ್ಲಿಂದ ಇನ್ನೊಬ್ಬಳು ಮುಂದುವರಿಸುತ್ತಾಳೆ. ನಂಟು ಕಡಿಮೆಯಿದ್ದರೂ ಲೆಕ್ಕ ಕೂಡಿಬರುತ್ತದೆ. ಗದಗ್ಕರ್ 1990ರಲ್ಲಿ ಮುಂದಿಟ್ಟ ವಾದ ಇದೇ. ಒಂದು ರೀತಿಯಲ್ಲಿ ಗೂಡೇ ಅವಳಿಗೆ ಜೀವವಿಮೆ.

ಮನುಷ್ಯರ ಸಹಕಾರಕ್ಕೆ ಬೇರೆ ಬೇರುಗಳೂ ಇವೆ. ನಾಟಿಗೆ ಮುಯ್ಯಾಳು ಹೋದವರಿಗೆ ಗೊತ್ತು: ಇವತ್ತು ನಿಮ್ಮ ಗದ್ದೆ, ನಾಳೆ ನಮ್ಮದು. ಅಮೆರಿಕದ ಜೀವವಿಜ್ಞಾನಿ ರಾಬರ್ಟ್ ಟ್ರೈವರ್ಸ್ 1971ರಲ್ಲಿ ವಿವರಿಸಿದ್ದು ಇಂಥ ಕೊಡುಕೊಳ್ಳುವಿಕೆಯನ್ನೇ. ಆದರೆ ಕಣಜದ ಪಾಠ ಮುಗಿದ ಮೇಲೆ ನನ್ನ ಮನಸ್ಸು ಹೋಗುವುದು ಬಾಣಂತಿ ಕೋಣೆಗೆ. ನಮ್ಮ ಕೂಸು ತನ್ನ ಕಾಲ ಮೇಲೆ ನಿಲ್ಲಲು ವರ್ಷಗಟ್ಟಲೆ ಬೇಕು. ತಾಯಿಯೊಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಎಣ್ಣೆ ನೀರು ಹಾಕಲು ಅಜ್ಜಿ ಬೇಕು, ಎತ್ತಿಕೊಳ್ಳಲು ಚಿಕ್ಕಮ್ಮ ಬೇಕು. ಟಾಂಜಾನಿಯಾದ ಹಡ್ಜಾ ಜನರಲ್ಲಿ ಅಜ್ಜಿಯರು ಕಾಡಿನಲ್ಲಿ ಗೆಡ್ಡೆ ಅಗೆದು ತಂದು ಮೊಮ್ಮಕ್ಕಳಿಗೆ ಉಣ್ಣಿಸುತ್ತಾರೆ. ಮುಟ್ಟು ನಿಂತ ಮೇಲೂ ಹೆಂಗಸರು ಇಷ್ಟು ವರ್ಷ ಬದುಕುವಂತಾಗಿದ್ದಕ್ಕೆ ಇದೇ ಕಾರಣ ಎಂದು ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಹಾಕ್ಸ್ ವಾದಿಸುತ್ತಾರೆ. ನನಗೆ ಆ ವಾದ ಒಪ್ಪಿಗೆ.

ಹೋದ ವರ್ಷ ನಾವೂ ನಮ್ಮ ಗೂಡಿನ ಕೆಲವು ಕಣಜಗಳಿಗೆ ಚುಕ್ಕೆ ಇಟ್ಟಿದ್ದೆವು. ಹಳದಿ ಚುಕ್ಕೆಯವಳು ಎಲ್ಲರಿಗಿಂತ ಜಾಸ್ತಿ ಹಾರುತ್ತಿದ್ದಳು. ಒಂದು ಸಂಜೆ ಮರಳಿ ಬರಲಿಲ್ಲ. ವಿದ್ಯಾರ್ಥಿನಿಯೊಬ್ಬಳು ಮಾರನೇ ದಿನ ಬೆಳಿಗ್ಗೆಯೇ ನೋಟ್‌ಬುಕ್ ಹಿಡಿದು ಗೂಡಿನ ಮುಂದೆ ಕೂತಳು. ಎಂಟೂವರೆಗೆ ನೀಲಿ ಚುಕ್ಕೆಯವಳು ಉಂಡೆ ತಂದು, ಹಳದಿಯವಳು ತಿನ್ನಿಸುತ್ತಿದ್ದ ಕೋಣೆಗಳಿಗೇ ತಲೆ ಹಾಕಿದಳು. ಕೆಲವು ದಿನಗಳಲ್ಲಿ ಆ ಮರಿಗಳು ರೇಷ್ಮೆ ನೂಲಿನ ಬಿಳಿ ಮುಚ್ಚಳ ನೇಯ್ದುಕೊಂಡು ಒಳಗೆ ಮಲಗಿದವು.