ಸೋಂಕು ಕಮ್ಮಿ ಅಂತೀರಲ್ಲ, ಎಲ್ಲಿ ನೋಡಿದ್ರಿ?

ಆಪರೇಷನ್ ಗಾಯದ ಸೋಂಕು ನಮ್ಮಲ್ಲಿ ಪಕ್ಕದ ಆಸ್ಪತ್ರೆಗಿಂತ ಕಮ್ಮಿ ಎಂದು ಆಡಳಿತದವರು ಹೇಳುತ್ತಾರೆ. ಲೆಕ್ಕ ಎಲ್ಲಿಂದ ತೆಗೆದಿರಿ ಎಂದರೆ, 'ಸಿಸ್ಟಮ್‌ನಿಂದ' ಎಂಬ ಉತ್ತರ. ಅಂದರೆ ಬಿಲ್ಲಿಂಗ್‌ನಿಂದ.

ಬಿಲ್ ಇರುವುದು ದುಡ್ಡಿಗೆ. ಆಯುಷ್ಮಾನ್ ಭಾರತ್‌ನಲ್ಲಿ ಆಪರೇಷನ್‌ಗೆ ಒಂದು ಪ್ಯಾಕೇಜ್ ದರ ಇರುತ್ತದೆ. ಮನೆಗೆ ಹೋದ ಮೇಲಿನ 15 ದಿನದ ಔಷಧಿಯೂ ಅದರಲ್ಲೇ ಬರುತ್ತದೆ. ಹೊಲಿಗೆಗೆ ಕೀವು ಬಂದು ಡ್ರೆಸ್ಸಿಂಗ್ ಮಾಡಿದರೆ ಸಾಮಾನ್ಯವಾಗಿ ಬಿಲ್ಲಿನಲ್ಲಿ ಅದಕ್ಕೆ ಬೇರೆ ಸಾಲೇ ಇರುವುದಿಲ್ಲ. ಸಾಲು ಇಲ್ಲ ಎಂದರೆ ಸೋಂಕು ಇಲ್ಲ ಅಂತಲ್ಲ.

ಕೇಸ್ ಶೀಟ್ ಇದಕ್ಕಿಂತ ವಾಸಿ. ಆದರೆ ಅದು ಡಿಸ್ಚಾರ್ಜ್ ದಿನವೇ ಮುಗಿಯುತ್ತದೆ. ಗಾಯದ ಸೋಂಕನ್ನು 30 ದಿನ ನೋಡಬೇಕು ಎನ್ನುವುದು ನಿಯಮ. ಮಂಡಿ ಕೀಲು ಬದಲಾವಣೆಯಂಥವಕ್ಕೆ 90 ದಿನ. ಸಿಸೇರಿಯನ್ ಆದ ತಾಯಿ ನಾಲ್ಕೈದು ದಿನಕ್ಕೆ ತವರಿಗೆ ಹೋಗುತ್ತಾಳೆ. ಎಂಟನೇ ದಿನ ಗಾಯ ಸೋರಿದರೆ ಅಲ್ಲಿನ ಡಾಕ್ಟರೇ ನೋಡುತ್ತಾರೆ. ನಮ್ಮ ಕಡತದಲ್ಲಿ ಆಕೆ ಆರೋಗ್ಯವಾಗಿದ್ದಾಳೆ!

ಉಳಿದದ್ದು, ಮನೆಗೆ ಹೋದವರಿಗೆ ಫೋನ್ ಮಾಡಿ ಕೇಳುವುದು. ನಾನು ಕಂಡ ಒಬ್ಬ ಸಿಸ್ಟರ್ 'ಚೆನ್ನಾಗಿದ್ದೀರಾ?' ಎಂದು ಕೇಳುವುದೇ ಇಲ್ಲ. ಹಾಗೆ ಕೇಳಿದರೆ ನಮ್ಮ ಜನ ಕೀವಿದ್ದರೂ 'ಹೂಂ ಕಣಮ್ಮಾ' ಅಂದುಬಿಡುತ್ತಾರೆ. 'ಬಟ್ಟೆಗೆ ಏನಾದ್ರೂ ಅಂಟುತ್ತಾ? ಬೇರೆ ಕಡೆ ಇಂಜೆಕ್ಷನ್ ಹಾಕಿಸಿಕೊಂಡ್ರಾ?' ಎನ್ನುತ್ತಾರೆ. ಆಗ ನಿಜ ಹೊರಬರುತ್ತದೆ. ಇಂಥ ಸಿಸ್ಟರ್ ಒಬ್ಬರಿದ್ದರೆ ಆಸ್ಪತ್ರೆಯ ಪುಣ್ಯ. ಫೋನಿನಲ್ಲಿ ಕೇಳಿದ್ದೆಲ್ಲ ಸೋಂಕೇ ಆಗಿರಬೇಕಿಲ್ಲ, ಗಾಯ ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಬೇಕು.

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 1990ರ ದಶಕದಲ್ಲಿ ಶುರುವಾದ ಎನ್‌ಎಸ್‌ಕ್ಯುಐಪಿ ಎಂಬ, ಆಪರೇಷನ್‌ಗಳ ಗುಣಮಟ್ಟ ಸುಧಾರಿಸುವ ಕಾರ್ಯಕ್ರಮ ಮಾಡಿದ್ದೂ ಇದನ್ನೇ. ತರಬೇತಿ ಪಡೆದ ನರ್ಸ್‌ಗಳು ಕೇಸ್ ಶೀಟ್ ಓದಿ, 30 ದಿನದವರೆಗೆ ರೋಗಿಯ ಬೆನ್ನು ಹತ್ತಿದರು.

ಹುಡುಕಿದರೆ ಸಂಖ್ಯೆ ಏರುತ್ತದೆ. ಇದು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಆಪರೇಷನ್ ನಂತರ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದರ ಬಗ್ಗೆ 2013ರಲ್ಲಿ ಅಲ್ಲಿ ಒಂದು ಅಧ್ಯಯನ ಬಂತು. ಜಾಸ್ತಿ ಸ್ಕ್ಯಾನ್ ಮಾಡಿದ ಆಸ್ಪತ್ರೆಗಳಲ್ಲೇ ಜಾಸ್ತಿ ಹೆಪ್ಪು ಸಿಕ್ಕಿತ್ತು. ಚಿಕಿತ್ಸೆ ಕೆಟ್ಟದ್ದು ಅಂತ ಅದರ ಅರ್ಥವಲ್ಲ ಅಲ್ವಾ? ಇಲ್ಲಿ ಮಾತ್ರ ಫೋನ್ ಮಾಡಲು ಶುರು ಮಾಡಿದ ತಿಂಗಳೇ ಸೋಂಕು ಏರಿತೆಂದು ಗಾಬರಿಯಾಗಿ, ಸಿಸ್ಟರನ್ನು ವಾರ್ಡಿಗೆ ವಾಪಸ್ ಕಳಿಸುತ್ತಾರೆ.

ದಯವಿಟ್ಟು ಕಳಿಸಬೇಡಿ. ವರದಿಯಲ್ಲಿ ಸೋಂಕಿನ ಸಂಖ್ಯೆಯ ಪಕ್ಕದಲ್ಲೇ ಇನ್ನೆರಡು ವಿಷಯ ಬರೆಯಿರಿ: ಮಾಹಿತಿ ಎಲ್ಲಿಯದು, ಮತ್ತು ಆಪರೇಷನ್ ಆದವರಲ್ಲಿ ಎಷ್ಟು ಜನ 30ನೇ ದಿನ ಮಾತಿಗೆ ಸಿಕ್ಕರು. ಪಕ್ಕದ ಆಸ್ಪತ್ರೆಯವರನ್ನೂ ಅದನ್ನೇ ಕೇಳಿ, ಆಮೇಲೆ ಹೋಲಿಸೋಣ.