ಔಷಧಿ ಬರೆಯದ ಡಾಕ್ಟರನ್ನು ನಂಬುವುದು ಹೇಗೆ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಎರಡೂವರೆ ವರ್ಷದ ಮಗನಿಗೆ ಜ್ವರ, ನೆಗಡಿ ಬಂದಾಗಲೆಲ್ಲ ನಮ್ಮ ಮಕ್ಕಳ ಡಾಕ್ಟರು “ವೈರಲ್ ಇದೆ, ಎರಡು ದಿನ ನೋಡೋಣ” ಎಂದು ಪ್ಯಾರಾಸಿಟಮಾಲ್ ಮಾತ್ರ ಬರೆದು ಕಳಿಸುತ್ತಾರೆ. ಕಳೆದ ಸಲ ನಾಲ್ಕನೆಯ ದಿನ ಬೇರೊಬ್ಬರಲ್ಲಿಗೆ ಹೋದೆವು. ಅವರು ಆಂಟಿಬಯಾಟಿಕ್ ಕೊಟ್ಟರು, ಮರುದಿನವೇ ಜ್ವರ ಬಿಟ್ಟಿತು. ಅವರ ಕೈಗುಣ ಒಳ್ಳೆಯದು, ಇನ್ನು ಅಲ್ಲಿಗೇ ಹೋಗಿ ಎನ್ನುತ್ತಾರೆ ನಮ್ಮ ಅತ್ತೆ. ಡಾಕ್ಟರನ್ನು ಬದಲಾಯಿಸಬೇಕೇ?

ಉತ್ತರ: ನೀವು ಬರೆದಿರುವ ಕಾರಣವೊಂದಕ್ಕೇ ಆದರೆ, ಬೇಡ. ಮುಂಬಯಿಯ ಪಾಲಿಕೆ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಬಹುಕಾಲ ಸಿಸ್ಟರ್ ಆಗಿದ್ದ ನಾನು ಈ ಕೈಗುಣದ ಮಾತನ್ನು ಕನ್ನಡ, ತುಳು, ಮರಾಠಿ ಮೂರರಲ್ಲೂ ಕೇಳಿದ್ದೇನೆ. ಮಕ್ಕಳ ಹೆಚ್ಚಿನ ಜ್ವರಗಳು ವೈರಸ್ಸಿನಿಂದ ಬರುವಂಥವು, ಮೂರರಿಂದ ಐದು ದಿನ ಕಾಡಿ ತಾವಾಗಿಯೇ ಇಳಿಯುವಂಥವು. ಆಂಟಿಬಯಾಟಿಕ್ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತದೆಯೇ ಹೊರತು ವೈರಸ್ಸಿನ ಮೇಲಲ್ಲ. ತಾಯಿತಂದೆಯರ ತಾಳ್ಮೆ ಮುಗಿಯುವುದೂ ಜ್ವರ ಹೊರಡಲು ಸಿದ್ಧವಾಗುವುದೂ ಬಹುತೇಕ ನಾಲ್ಕನೆಯ ದಿನವೇ ಆದ್ದರಿಂದ, ಆ ದಿನ ನೋಡಿದವರಿಗೆ ಕೈಗುಣದ ಹೆಸರು ಬರುತ್ತದೆ, ಮೊದಲ ದಿನ ನೋಡಿದವರಿಗೆ ಅಪವಾದ ಉಳಿಯುತ್ತದೆ.

ಹಾಗೆಂದು ಎರಡನೆಯವರು ತಪ್ಪು ಮಾಡಿದರೆಂದು ನಾನು ಹೇಳಲಾರೆ. ಮೊದಲ ದಿನ ಸರಿಯಾಗಿದ್ದ ಕಿವಿ ನಾಲ್ಕನೆಯ ದಿನ ಕೆಂಪಾಗಿ ಕೀವು ತುಂಬಿರಬಹುದು, ಆಗ ಆಂಟಿಬಯಾಟಿಕ್ ಬೇಕಾಗಬಹುದು. ಅವರ ಚೀಟಿಯನ್ನು ಒಮ್ಮೆ ತೆಗೆದು ನೋಡಿ. ಯಾವ ಕಾಯಿಲೆಗಾಗಿ ಆ ಔಷಧಿ ಎಂದು ಅದರಲ್ಲಿ ಬರೆದಿದ್ದರೆ ಒಳ್ಳೆಯದು. ಬರೀ ಔಷಧಿಗಳ ಹೆಸರಿದ್ದರೆ, ಮುಂದಿನ ಸಲ ಕೇಳಲು ಸಂಕೋಚಪಡಬೇಡಿ.

ಕೆಮ್ಮಿಗೆ ಸಿರಪ್ ಬರೆಯದಿರುವುದನ್ನೂ ಹಲವರು ಉದಾಸೀನವೆಂದೇ ತಿಳಿಯುತ್ತಾರೆ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆತ ನೆಗಡಿಯ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂಬ ಎಚ್ಚರಿಕೆಯನ್ನು ಬಾಟಲಿಯ ಮೇಲೆ ಮುದ್ರಿಸಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿಯೇ ಸೂಚಿಸಿದ್ದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿದ್ದ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತ ಬಳಿಕ, ಎರಡು ವರ್ಷದೊಳಗಿನವರಿಗೆ ಇಂಥ ಸಿರಪ್ ಬರೆಯಲೇಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಸೇವಾ ನಿರ್ದೇಶನಾಲಯ ಸಲಹೆ ನೀಡಿತು. ನಿಮ್ಮ ಡಾಕ್ಟರು ಬರಿಗೈಯಲ್ಲಿ ಕಳಿಸಿದಂತೆ ಕಂಡರೂ ಅದರ ಹಿಂದೆ ಇಷ್ಟೆಲ್ಲ ಇದೆ. ಇದನ್ನು ಅವರೇ ಎರಡು ಮಾತಿನಲ್ಲಿ ಹೇಳಿದ್ದರೆ ನೀವು ನನಗೆ ಬರೆಯುತ್ತಲೇ ಇರಲಿಲ್ಲವೇನೋ.

ಕೈಗುಣವನ್ನು ನಾನು ಬೇರೆ ರೀತಿಯಲ್ಲಿ ಅಳೆಯುತ್ತೇನೆ: ಆ ಕೈ ಮಗುವಿನ ಅಂಗಿಯನ್ನು ಎತ್ತಿತೇ? ನಮ್ಮ ವಾರ್ಡಿನಲ್ಲಿ ಹಿರಿಯ ಡಾಕ್ಟರೊಬ್ಬರು ಅಳುವ ಮಗುವನ್ನು ಮುಟ್ಟುತ್ತಲೇ ಇರಲಿಲ್ಲ. ತಾಯಿಯ ಮಡಿಲಲ್ಲಿ ಅದು ಸಮಾಧಾನವಾಗುವವರೆಗೆ ಕಾದು, ಅಂಗಿಯನ್ನು ಕುತ್ತಿಗೆಯವರೆಗೆ ಸರಿಸಿ, ಕೈಗಡಿಯಾರದ ಮುಳ್ಳು ಒಂದು ಪೂರ್ತಿ ಸುತ್ತು ಬರುವ ತನಕ ಹೊಟ್ಟೆ ಏರಿಳಿಯುವುದನ್ನು ಎಣಿಸುತ್ತಿದ್ದರು. ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರು ಇದ್ದರೆ ಅದು ವೇಗದ ಉಸಿರು, ನ್ಯುಮೋನಿಯಾದ ಸಂಶಯಕ್ಕೆ ಕಾರಣ. ಔಷಧಿ ಬರೆಯದೆ ಕಳಿಸುವ ಧೈರ್ಯ ಅವರಿಗೆ ಬರುತ್ತಿದ್ದುದು ಆ ಒಂದು ನಿಮಿಷದಿಂದ. ಅಂಗಿಯ ಮೇಲಿಂದಲೇ ಸ್ಟೆತಸ್ಕೋಪ್ ಮುಟ್ಟಿಸಿ, ತೂಕವನ್ನೂ ನೋಡದೆ ಐದು ಔಷಧಿ ಬರೆಯುವವರ ಬಗ್ಗೆ ನನಗೆ ಅನುಮಾನ ಜಾಸ್ತಿ.

“ನೋಡೋಣ” ಎಂದವರು ಏನನ್ನು ನೋಡಬೇಕೆಂದೂ ಹೇಳಿರಬೇಕು, ಇಲ್ಲವಾದರೆ ಆ ಮಾತಿಗೆ ಬೆಲೆಯಿಲ್ಲ. ಉಸಿರು ವೇಗವಾದರೆ, ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ನೀರನ್ನೂ ಕುಡಿಯದಿದ್ದರೆ, ಮೂತ್ರ ಕಡಿಮೆಯಾದರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ, ಫಿಟ್ಸ್ ಬಂದರೆ, ಎರಡು ದಿನ ಕಾಯುವ ಮಾತೇ ಇಲ್ಲ. ಮೂರು ತಿಂಗಳೊಳಗಿನ ಶಿಶುವಾದರೆ 100.4 ಡಿಗ್ರಿ ಜ್ವರವೊಂದೇ ಸಾಕು, ಆಗಲೇ ಹೊರಡಬೇಕು. ನಮ್ಮ ಊರಿನ ಮಳೆಗಾಲದಲ್ಲಿ ಇನ್ನೊಂದಿದೆ: ಡೆಂಗ್ಯೂ ಆಗಿದ್ದರೆ ಅಪಾಯದ ಹೊತ್ತು ಬರುವುದು ಜ್ವರ ಇಳಿಯುತ್ತಿರುವಾಗ. ಆಗ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೇ ಹೋಗಬೇಕು.

ಅಪನಂಬಿಕೆ ನ್ಯಾಯವಾಗಿರುವ ಸಂದರ್ಭಗಳೂ ಇವೆ, ಅದನ್ನು ನಾನೇ ಅನುಭವಿಸಿದ್ದೇನೆ. ನನ್ನ ಮಗಳು ಒಂಬತ್ತು ತಿಂಗಳಿನವಳಾಗಿದ್ದಾಗ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ನೆಗಡಿಯಿಲ್ಲ, ಕೆಮ್ಮಿಲ್ಲ. ಎರಡು ಸಲ ಹೋದಾಗಲೂ ಡಾಕ್ಟರು ಕೇಸ್‌ಪೇಪರಿನಿಂದ ತಲೆಯೆತ್ತದೆ “ಹಲ್ಲು ಬರುತ್ತಿದೆ” ಎಂದರು. ಹಲ್ಲು ಬರುವಾಗ ಮೈ ಸ್ವಲ್ಪ ಬೆಚ್ಚಗಾದೀತೇ ಹೊರತು 103 ಡಿಗ್ರಿ ಸುಡುವುದಿಲ್ಲವೆಂದು ಗೊತ್ತಿದ್ದೂ, ನಾನು ಸುಮ್ಮನೆ ಎದ್ದು ಬಂದೆ. ಯೂನಿಫಾರ್ಮ್ ಇಲ್ಲದೆ ಆ ಕುರ್ಚಿಯಲ್ಲಿ ಕುಳಿತಾಗ ನಾನೂ ಬರೀ ತಾಯಿಯೇ ಆಗಿದ್ದೆ. ಇನ್ನೊಬ್ಬರು ಮೂತ್ರ ಪರೀಕ್ಷೆ ಮಾಡಿಸಿದರು, ಮೂತ್ರದ ಸೋಂಕಿತ್ತು. ಕಾರಣ ಕಾಣದ ಜ್ವರಕ್ಕೆ, ಅದರಲ್ಲೂ ಹಸುಳೆಗಳಲ್ಲಿ, ಮಾಡಲೇಬೇಕಾದ ಪರೀಕ್ಷೆ ಅದು. ನಾನು ಮೊದಲಿನವರನ್ನು ಬಿಟ್ಟೆ. ಆಂಟಿಬಯಾಟಿಕ್ ಕೊಡಲಿಲ್ಲವೆಂಬ ಕಾರಣಕ್ಕಲ್ಲ, “ನೆಗಡಿಯಿಲ್ಲ, ಕೆಮ್ಮಿಲ್ಲ” ಎಂಬ ನನ್ನ ಮಾತು ಎರಡು ಸಲವೂ ಅವರ ಕಿವಿಗೆ ಬೀಳಲಿಲ್ಲವೆಂಬ ಕಾರಣಕ್ಕೆ.

ಮಾತು ಕಿವಿಗೆ ಬಿದ್ದರೂ ಅರ್ಥ ತಪ್ಪುವುದು ಇಲ್ಲಿನ ಕನ್ನಡಿಗರಿಗೆ ಇರುವ ಇನ್ನೊಂದು ತೊಡಕು. ಅಜ್ಜಿ “ಥಂಡಿ ಆಗಿದೆ” ಎಂದದ್ದು ನೆಗಡಿಯ ಅರ್ಥದಲ್ಲಿ. ಮರಾಠಿಯಲ್ಲಿ “ಥಂಡಿ ವಾಜತೇ” ಎಂದರೆ ಚಳಿ ನಡುಕ, ಅದನ್ನು ಕೇಳಿದ ಮುಂಬಯಿ ಡಾಕ್ಟರಿಗೆ ಮೊದಲು ನೆನಪಾಗುವುದು ಮಲೇರಿಯಾ. ಇನ್ನು ನಾವು ಆಡಿ ದಣಿದ ಮಗುವಿಗೂ “ಸುಸ್ತು” ಎನ್ನುತ್ತೇವೆ, ಹಿಂದಿಯಲ್ಲಿ ಅದೇ ಪದಕ್ಕೆ ಮಂಕು, ಜಡತೆ ಎಂಬ ಅರ್ಥ. ಹೀಗಾಗಿ ಅನಗತ್ಯ ರಕ್ತಪರೀಕ್ಷೆಯೂ ಆಗುತ್ತದೆ, ಬೇಕಾದದ್ದು ತಪ್ಪಿಹೋಗುವುದೂ ಉಂಟು. ವರ್ಣನೆಗಿಂತ ಎಣಿಕೆ ಹೇಳಿ: ಬೆಳಿಗ್ಗೆಯಿಂದ ಎಷ್ಟು ಸಲ ಮೂತ್ರ ಮಾಡಿದ, ಎಷ್ಟು ಲೋಟ ಕುಡಿದ, ಜ್ವರ ಇಳಿದ ಮೇಲೆ ಆಟವಾಡಿದನೇ ಇಲ್ಲವೇ.

ದುಡ್ಡಿನ ಅನುಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಷ್ಟ್ರೀಯ ಕಾರ್ಯಕ್ರಮದ ಲಸಿಕೆಗಳು ಪಾಲಿಕೆಯ ಆರೋಗ್ಯ ಕೇಂದ್ರದಲ್ಲಿ ಉಚಿತ, ಅಲ್ಲಿ ಹಾಕಿಸುತ್ತೇನೆ ಎಂದರೆ ಮುಖ ಗಂಟಿಕ್ಕದ ಡಾಕ್ಟರು ಒಳ್ಳೆಯವರು. ಎರಡನೆಯ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕು, ದ್ರೋಹವಲ್ಲ.

ಆದ್ದರಿಂದ ನಿಮ್ಮ ಮೊದಲ ಡಾಕ್ಟರಲ್ಲಿಗೆ ಇನ್ನೊಮ್ಮೆ ಹೋಗಿ, ಎರಡನೆಯವರ ಚೀಟಿಯನ್ನು ಮೇಜಿನ ಮೇಲಿಟ್ಟು, “ನಾಲ್ಕನೆಯ ದಿನ ನಿಮ್ಮಲ್ಲಿಗೇ ಬಂದಿದ್ದರೆ ಏನು ಮಾಡುತ್ತಿದ್ದಿರಿ?” ಎಂದು ಕೇಳಿ. ಸಮಾಧಾನದಿಂದ ಓದಿ ಉತ್ತರಿಸಿದರೆ ಉಳಿಯಿರಿ. ಸಿಡುಕಿದರೆ ಬದಲಾಯಿಸಿ, ನನ್ನ ಅಡ್ಡಿಯಿಲ್ಲ. ಯಾರಲ್ಲಿಗೆ ಹೋದರೂ ಹಿಂದಿನ ಔಷಧಿಯನ್ನು ಮಾತ್ರ ಮುಚ್ಚಿಡಬೇಡಿ. ಪ್ಯಾರಾಸಿಟಮಾಲ್ ಬೇರೆ ಬೇರೆ ಹೆಸರಿನಲ್ಲಿ, 5 ಮಿಲಿಗೆ 120 ಮಿಲಿಗ್ರಾಂ ಮತ್ತು 250 ಮಿಲಿಗ್ರಾಂ ಎಂಬ ಎರಡು ಬಲದಲ್ಲಿ ಸಿಗುತ್ತದೆ. ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ, 12 ಕಿಲೋ ತೂಕದ ಮಗುವಿಗೆ ಮೊದಲನೆಯದು ಏಳೂವರೆ ಮಿಲಿಯಾದರೆ ಎರಡನೆಯದು ಮೂರೂವರೆ ಮಿಲಿಯ ಆಸುಪಾಸು. ಮನೆಯಲ್ಲಿ ಎರಡೂ ಬಾಟಲಿಗಳು ಇರಬಹುದು, ಹೋಗುವಾಗ ಎರಡನ್ನೂ ಚೀಲಕ್ಕೆ ಹಾಕಿಕೊಳ್ಳಿ.