ಗಾಜನೂರಿನ ಗೇಟು, ಆಗುಂಬೆಯ ಮಳೆ

ಆರಿದ್ರೆ ಮಳೆ ಹಿಡಿಯಿತೆಂದರೆ ಶಿವಮೊಗ್ಗದವರಿಗೆ ಒಂದು ಚಟ ಹತ್ತಿಕೊಳ್ಳುತ್ತದೆ. ಕೆಲಸ ಮುಗಿಸಿ ಮನೆಗೆ ಹೊರಟವರು ಕೋರ್ಪಲಯ್ಯನ ಛತ್ರದ ಹತ್ತಿರ ಗಾಡಿ ನಿಲ್ಲಿಸಿ, ತುಂಗಾ ಹೊಳೆಯೊಳಗಿನ ಮಂಟಪ ಎಷ್ಟು ಮುಳುಗಿದೆ ಅಂತ ಇಣುಕುತ್ತಾರೆ. ಮಂಟಪ ಪೂರ್ತಿ ಮುಳುಗಿದ ದಿನ ಊರಿಗೆಲ್ಲ ಅದೇ ಸುದ್ದಿ. ನಾನೂ ಇಣುಕುವವನೇ. ಒಂದು ಸಲ ಹಾಗೆ ನಿಂತಿದ್ದಾಗ ಪಕ್ಕದವರೊಬ್ಬರು ಆಕಾಶ ನೋಡಿ, "ಇಲ್ಲಿ ಹನಿಯೂ ಇಲ್ಲ, ಇಷ್ಟು ನೀರು ಎಲ್ಲಿಂದ ಬಿಟ್ರು ಮಾರಾಯ್ರೆ?" ಅಂದರು. ಆ 'ಬಿಟ್ರು' ಅನ್ನುವ ಮಾತು ನನ್ನ ತಲೆಯಲ್ಲೇ ಉಳಿಯಿತು. ಡ್ಯಾಮಿನ ಬಗ್ಗೆ ನಮಗಿರುವ ತಪ್ಪು ತಿಳಿವಳಿಕೆಯೆಲ್ಲ ಆ ಒಂದು ಮಾತಿನಲ್ಲಿದೆ ಅನ್ನಿಸುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಊರಿಗಿಂತ ಮೇಲೆ, ಗಾಜನೂರಿನಲ್ಲಿರುವ ತುಂಗಾ ಜಲಾಶಯದ ಸಾಮರ್ಥ್ಯ 3.24 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ಹರಿದರೆ ಅದು ಒಂದು ಕ್ಯೂಸೆಕ್. ಹತ್ತಿರಹತ್ತಿರ 11,600 ಕ್ಯೂಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಮಳೆ ಜೋರಾಗಿ ತುಂಗೆಗೆ 40,000 ಕ್ಯೂಸೆಕ್ ಬರುತ್ತಿದೆ ಎಂದಿಟ್ಟುಕೊಳ್ಳಿ. ಪೂರ್ತಿ ಬರಿದಾಗಿದ್ದರೂ ಗಾಜನೂರು ಒಂದೇ ದಿನದಲ್ಲಿ ತುಂಬಿಬಿಡುತ್ತದೆ! ಅಷ್ಟೇ ನೀರು ಶರಾವತಿಯ ಲಿಂಗನಮಕ್ಕಿ ಜಲಾಶಯಕ್ಕೆ ಬಂದರೆ ಅಲ್ಲಿನ 151 ಟಿಎಂಸಿ ತುಂಬಲು ತಿಂಗಳೊಪ್ಪತ್ತು ದಾಟುತ್ತದೆ. ಲಿಂಗನಮಕ್ಕಿ ಕಣಜವಾದರೆ ಗಾಜನೂರು ಬರೀ ಒಂದು ಕೊಳಗ. ರಾಜ್ಯದಲ್ಲಿ ಮೊದಲು ತುಂಬುವ ಜಲಾಶಯ ಅಂತ ಪ್ರತಿವರ್ಷ ಅದರ ಫೋಟೊ ಪೇಪರಿನಲ್ಲಿ ಬರುವುದೂ ಇದೇ ಕಾರಣಕ್ಕೆ.

ಕೊಳಗ ತುಂಬಿದ ಮೇಲೆ ಬಂದಷ್ಟೂ ಹೊರಗೆ ಹೋಗಲೇಬೇಕು. ಗಾಜನೂರಿನ 22 ಗೇಟುಗಳನ್ನು ಎತ್ತುವವರು ನೀರು 'ಬಿಡುವುದು' ಕಡಿಮೆ, ದಾಟಿಸುವುದೇ ಹೆಚ್ಚು. ಬರುವ ನೀರಾದರೂ ಎಲ್ಲಿಯದು? ಗಂಗಾಮೂಲದಲ್ಲಿ ಹುಟ್ಟಿ ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ ದಾಟಿ ಬರುವ ಹೊಳೆ ಇದು. ಆಗುಂಬೆ ಕಡೆಯ ಮಾಲತಿಯೂ ಇದಕ್ಕೇ ಬಂದು ಸೇರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು. ನಮ್ಮ ತಲೆಯ ಮೇಲಿನ ಮೋಡ ನೋಡಿ ಹೊಳೆಯ ಅಂದಾಜು ಮಾಡುವುದೆಂದರೆ ಪಕ್ಕದ ಮನೆಯ ಒಲೆ ನೋಡಿ ನಮ್ಮನೆ ಅನ್ನ ಬೆಂದಿದೆ ಅಂದ ಹಾಗೆ.

ಡ್ಯಾಮ್ ಅಂದರೆ ನಮಗೆ ಭಯ ಇರುವುದು ಗೋಡೆಯ ಬಗ್ಗೆ. ಒಡೆದರೆ ಏನು ಗತಿ? 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ ಇಲ್ಲೂ ಜನ ಅದನ್ನೇ ಕೇಳಿದರು. ಆದರೆ ಅಲ್ಲಿ ಹೋದದ್ದು ಗೇಟು, ಗೋಡೆ ಜಗ್ಗಲಿಲ್ಲ. ಇನ್ನೊಂದು ಸ್ವಾರಸ್ಯ ಹೇಳಬೇಕು. ಹಿನ್ನೀರು ಎಷ್ಟು ಮೈಲಿ ಚಾಚಿದೆ ಅನ್ನುವುದು ಗೋಡೆಯ ಲೆಕ್ಕಕ್ಕೆ ಬರುವುದೇ ಇಲ್ಲ. ನಿಂತ ನೀರು ಗೋಡೆಯನ್ನು ಎಷ್ಟು ಒತ್ತುತ್ತದೆ ಅನ್ನುವುದು ಆಳದ ಮೇಲೆ ಮಾತ್ರ ನಿಂತಿದೆ. ನೂರಡಿ ಆಳದ ಬಾವಿಯೂ ನೂರಡಿ ಆಳದ ಸಾಗರವೂ ತಳದ ಕಲ್ಲನ್ನು ಒತ್ತುವುದು ಸರಿಸುಮಾರು ಒಂದೇ ಬಲದಿಂದ. ಹಾಗಾಗಿ ಗೋಡೆಯ ಚಿಂತೆಯನ್ನು ಎಂಜಿನಿಯರುಗಳಿಗೆ ಬಿಡಬಹುದು. ಜನ ಸಾಯುವುದು ಗೋಡೆಯ ಎರಡೂ ಕಡೆ, ನೋಡಲು ಪಾಪದಂತೆ ಕಾಣುವ ನೀರಿನಲ್ಲಿ.

ಕೆಳಗಿನ ಕಡೆಯಿಂದ ಶುರು ಮಾಡೋಣ. ಬೇಸಿಗೆಯಲ್ಲಿ ಡ್ಯಾಮಿನ ಕೆಳಗಿನ ಹೊಳೆ ಅಂದರೆ ಬರೀ ಬಂಡೆ, ನಡುನಡುವೆ ತಿಳಿನೀರಿನ ಮಡು. ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯ ಬಂಡೆಗಳ ಮೇಲೆ ಫೋಟೊ ತೆಗೆಯುತ್ತಿದ್ದ ಹೈದರಾಬಾದಿನ 24 ವಿದ್ಯಾರ್ಥಿಗಳು, ಮೇಲಿನ ಲಾರ್ಜಿ ಜಲವಿದ್ಯುತ್ ಯೋಜನೆಯಿಂದ ಬಿಟ್ಟ ನೀರಿಗೆ ಸಿಕ್ಕಿ ಹೋದರು. ಅವರಿಗೆ ಈಜು ಬರುತ್ತಿತ್ತೇ ಅಂತ ಕೇಳುವುದರಲ್ಲಿ ಅರ್ಥವಿಲ್ಲ. ಹರಿವ ನೀರಿನ ಹೊಡೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೊಣಕಾಲಿನವರೆಗೆ ನೀರಿದ್ದು, ಅದು ಸೆಕೆಂಡಿಗೆ ಒಂದು ಮೀಟರಿನಂತೆ ಹರಿಯುತ್ತಿದ್ದರೆ ನಿಮ್ಮ ಎರಡು ಕಾಲಿನ ಮೇಲೆ ಬೀಳುವ ಬಲ ಏಳೆಂಟು ಕೆಜಿ ಭಾರದಷ್ಟು. ಹೇಗೋ ನಿಲ್ಲಬಹುದು. ವೇಗ ಮೂರು ಮೀಟರಾದರೆ ಬಲ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಎಪ್ಪತ್ತು ಕೆಜಿಯ ಹತ್ತಿರ! ಆಳ ಅಷ್ಟೇ, ಮೊಣಕಾಲುದ್ದ. ಒಬ್ಬ ಆಳು ಓಡಿಬಂದು ಕಾಲಿಗೆ ಜೋತುಬಿದ್ದ ಹಾಗೆ. ಕಾಲ ಕೆಳಗೆ ಪಾಚಿ ಹಿಡಿದ ಕಲ್ಲು ಬೇರೆ.

ಗೇಟಿನ ಬುಡ ಇನ್ನೂ ಮೋಸದ ಜಾಗ. ಹತ್ತು ಮೀಟರ್ ಎತ್ತರದಿಂದ ಇಳಿಯುವ ನೀರು ತಳ ಮುಟ್ಟುವಾಗ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ರಭಸ ನೆಲ ಕೊರೆಯದಿರಲಿ ಅಂತ ಕೆಳಗೆ ಕಾಂಕ್ರೀಟ್ ತೊಟ್ಟಿ ಕಟ್ಟಿರುತ್ತಾರೆ. ಅಲ್ಲಿ ನೀರು ಧಿಗ್ಗನೆ ಮೇಲೆದ್ದು ತನ್ನ ಮೇಲೇ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಮೇಲ್ಮೈಯ ನೀರು ಗೋಡೆಯ ಕಡೆಗೇ ಹರಿಯುತ್ತಿರುತ್ತದೆ, ಕೆಳಗಿನದು ಹೊರಗೆ. ಸಿಕ್ಕಿಕೊಂಡವನು ಮೇಲೆದ್ದಷ್ಟು ಸಲವೂ ವಾಪಸ್ಸು ಗೋಡೆಗೇ ಹೋಗುತ್ತಾನೆ. ಅಲ್ಲಿನ ಹಾಲಿನಂಥ ನೊರೆಯನ್ನು ನಾವು ಬಾಯಿಬಿಟ್ಟು ನೋಡುತ್ತೇವಲ್ಲ, ಅದರಲ್ಲಿ ಅರ್ಧ ಗಾಳಿಯಿದ್ದರೆ ತೇಲಿಸುವ ಬಲವೂ ಅರ್ಧವೇ. ನೀರಿನಲ್ಲಿ ತೇಲುವವನು ನೊರೆಯಲ್ಲಿ ಮುಳುಗುತ್ತಾನೆ.

"ನದಿಪಾತ್ರದ ಜನ ಎಚ್ಚರಿಕೆಯಿಂದಿರಬೇಕು" ಅನ್ನುವ ಪ್ರಕಟಣೆ ಓದಿ ಓದಿ ನಮಗೆ ಅಭ್ಯಾಸವಾಗಿಬಿಟ್ಟಿದೆ. ಸೈರನ್ ಕೂಗುತ್ತದೆ ನಿಜ. ಆದರೆ ಡ್ಯಾಮಿನಿಂದ ಮೈಲಿ ದೂರದ ತಿರುವಿನಲ್ಲಿ, ಮೊಬೈಲಿನಲ್ಲಿ ಹಾಡು ಹಾಕಿಕೊಂಡವರಿಗೆ ಕೇಳಿಸಬೇಕಲ್ಲ. ಹೊಳೆ ತಾನೇ ಹೇಳುವುದನ್ನು ನೋಡಿಕೊಳ್ಳುವುದು ವಾಸಿ. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾಯಿತೇ, ತರಗೆಲೆ, ಕಡ್ಡಿ, ನೊರೆ ತೇಲಿಬಂತೇ, ಸದ್ದು ದಪ್ಪವಾಯಿತೇ? ಕೂರುವ ಮೊದಲು ನೀರಂಚಿಗೆ ಒಂದು ಕಲ್ಲಿಟ್ಟಿರಿ. ಆ ಕಲ್ಲು ಮುಳುಗಿದರೆ ಚಪ್ಪಲಿಯನ್ನೂ ಹುಡುಕಬೇಡಿ, ದಡ ಹತ್ತಿ.

ಇನ್ನು ಮೇಲಿನ ಕಡೆ, ಹಿನ್ನೀರು. ಲಿಂಗನಮಕ್ಕಿ ಹಿನ್ನೀರಿನ ಹೊನ್ನೇಮರಡುವಿನ ದಡದಲ್ಲಿ ಸಂಜೆ ಕೂತವರಿಗೆ ಶರಾವತಿಗಿಂತ ಸಾಧು ನೀರು ಲೋಕದಲ್ಲಿಲ್ಲ ಅನ್ನಿಸುತ್ತದೆ. ಆದರೆ ಅದು ಕೆರೆಯಲ್ಲ. ಕೆರೆಯ ತಳ ಬಾಣಲೆಯಂತೆ ನಿಧಾನವಾಗಿ ಇಳಿಯುತ್ತದೆ. ಹಿನ್ನೀರಿನ ತಳದಲ್ಲಿರುವುದು 1964ರಲ್ಲಿ ಮುಳುಗಿದ ಊರು, ಕಾಡು. ಗದ್ದೆಯ ಅಂಚು, ತೋಟದ ಬಸಿಗಾಲುವೆ, ಕೊಳೆಯದ ಮರದ ಕೊರಡು, ಆಮೇಲೆ ಹಳೆಯ ಹೊಳೆಯ ಧರೆ. ಸೊಂಟದವರೆಗಿನ ನೀರಿನಲ್ಲಿ ಹತ್ತು ಹೆಜ್ಜೆ ಆರಾಮಾಗಿ ಹೋದವನ ಹನ್ನೊಂದನೇ ಹೆಜ್ಜೆಗೆ ನೆಲವೇ ಇರುವುದಿಲ್ಲ. ಕಳೆದ ಸಲ ಈಜಿದ ಜಾಗ ಎಂಬ ಧೈರ್ಯವೂ ಉಪಯೋಗಕ್ಕೆ ಬಾರದು, ಯಾಕೆಂದರೆ ದಡ ಪ್ರತಿ ತಿಂಗಳೂ ಜಾಗ ಬದಲಿಸುತ್ತದೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಬೇಸಿಗೆಯಲ್ಲಿ ಅದು ಎಷ್ಟು ಇಳಿಯುತ್ತದೆ ಅಂದರೆ, ಒಳಗೆ ಮುಳುಗಿರುವ ಇನ್ನೊಂದು ಇಡೀ ಅಣೆಕಟ್ಟು, 1940ರ ದಶಕದ ಹಿರೇಭಾಸ್ಕರ, ಎದ್ದು ನಿಲ್ಲುತ್ತದೆ. ಅದರ ಸೈಫನ್ನುಗಳನ್ನು ನೋಡಲೆಂದೇ ನಾನು ಅದಿರುವ ಮಡೇನೂರಿಗೆ ಹೋಗಿದ್ದೆ. ಗಣೇಶ್ ಅಯ್ಯರ್ ಎಂಬ ಎಂಜಿನಿಯರ್ ರೂಪಿಸಿದವು ಅವು. ನೀರು ಮಟ್ಟ ಮೀರಿದರೆ ಸುರುಳಿಯಾಗಿ ಒಳನುಗ್ಗಿ, ಗಾಳಿಯನ್ನು ಹೊರಹಾಕಿ, ತಾವಾಗಿಯೇ ಎಳೆಯಲು ಶುರು ಮಾಡುತ್ತವೆ. ಗೇಟೂ ಇಲ್ಲ, ಎತ್ತುವವನೂ ಇಲ್ಲ. ಇಂಥ ಜಾಣ ಕಟ್ಟಡ ವರ್ಷದ ಹೆಚ್ಚಿನ ಕಾಲ ನೀರಡಿಯಲ್ಲಿದೆ ಅನ್ನುವುದು ನನಗೆ ಈಗಲೂ ಸಂಕಟ.

ಅಲ್ಲಿಗೆ ಹೋಗುವ ದಾರಿಯಲ್ಲೇ ಇನ್ನೊಂದು ಅಪಾಯವಿದೆ: ನೀರಿಳಿದ ಜಾಗದ ಕೆಸರು. ಮೇಲೆ ಬಿರಿದು ಒಣಗಿದಂತೆ ಕಂಡರೂ ಅಡಿಯಲ್ಲಿ ಗಂಜಿ. ಹೂತ ಕಾಲನ್ನು ಜೋರಾಗಿ ಕಿತ್ತಷ್ಟೂ ಕೆಳಗೆ ನಿರ್ವಾತ ಹುಟ್ಟಿ ಹಿಡಿತ ಬಿಗಿಯುತ್ತದೆ. ಅಂಗಾತ ಮಲಗಿ ಭಾರ ಹರಡಿ, ಕಾಲನ್ನು ನಿಧಾನ ಅಲ್ಲಾಡಿಸುತ್ತ ಬಿಡಿಸಿಕೊಳ್ಳಬೇಕು. ಬಟ್ಟೆ ಹಾಳಾಗುತ್ತದೆ, ಆಗಲಿ.

ಮುಳುಗುವವನು ಸಿನಿಮಾದಲ್ಲಿಯಂತೆ ಕಿರುಚುವುದಿಲ್ಲ. ಬಾಯಿ ನೀರಿನ ಮೇಲೆ ಬಂದ ಅರೆಕ್ಷಣ ಉಸಿರಿಗೇ ಸಾಲುವುದಿಲ್ಲ, ಕೂಗುವುದೆಲ್ಲಿಂದ? ಅವನನ್ನು ಹಿಡಿಯಲು ಹಾರಿದ ಗೆಳೆಯನೂ ಹೋದ ಕಥೆ ಪ್ರತಿ ಊರಿನಲ್ಲಿದೆ. ಹಾರುವ ಬದಲು ಎಸೆಯಬೇಕು. ಮನುಷ್ಯನ ಮೈ ನೀರಿನಷ್ಟೇ ಸಾಂದ್ರ, ತಲೆ ಮೇಲಿಡಲು ನಾಲ್ಕೈದು ಕೆಜಿಯಷ್ಟು ಎತ್ತುಬಲ ಸಾಕು. ಮುಚ್ಚಳ ಬಿಗಿದ ಹತ್ತು ಲೀಟರಿನ ಖಾಲಿ ಕ್ಯಾನು ಅದರ ಎರಡು ಪಟ್ಟು ಕೊಡುತ್ತದೆ. ಹಿಂದೆ ಈಜು ಕಲಿಸುವಾಗ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟುತ್ತಿದ್ದರಲ್ಲ, ಲೆಕ್ಕ ಅದೇ. ದೋಣಿಯವರು ಕೊಡುವ ಲೈಫ್ ಜಾಕೆಟ್ಟೂ ಅದೇ ಬುರುಡೆ, ಬಕಲ್ ಹಾಕಿಕೊಂಡರೆ ಮಾತ್ರ.

ದಡಕ್ಕೆ ತಂದ ಮೇಲೆ ನಮ್ಮ ಕಡೆ ನಡೆಯುವುದು ಹೊಟ್ಟೆ ಒತ್ತುವುದು, ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸುವುದು. ಎರಡೂ ಬೇಡ. ಹೊಟ್ಟೆಯ ನೀರಿನಿಂದ ಯಾರೂ ಸಾಯುವುದಿಲ್ಲ, ಒತ್ತಿದರೆ ಅದು ಶ್ವಾಸಕೋಶಕ್ಕೆ ನುಗ್ಗುವ ಅಪಾಯವಿದೆ. ಮುಳುಗಿದವನಿಗೆ ನಿಂತುಹೋಗಿರುವುದು ಮೊದಲು ಉಸಿರು, ಆಮೇಲೆ ಹೃದಯ. ಅಂಗಾತ ಮಲಗಿಸಿ, ಗಲ್ಲ ಮೇಲೆತ್ತಿ, ಮೂಗು ಹಿಡಿದು, ಎದೆ ಏಳುವಷ್ಟು ಐದು ಸಲ ಬಾಯಿಂದ ಬಾಯಿಗೆ ಗಾಳಿ ಊದಿ. ಆಮೇಲೂ ಅಲುಗಾಡದಿದ್ದರೆ ಎದೆಯ ನಡುವೆ ಮೂವತ್ತು ಸಲ ಜೋರಾಗಿ ಒತ್ತಿ, ಮತ್ತೆ ಎರಡು ಸಲ ಊದಿ. 108ರ ಗಾಡಿ ಬರುವ ತನಕ ಇದನ್ನು ನಿಲ್ಲಿಸಬಾರದು. ಹಿನ್ನೀರಿನ ದಡಕ್ಕೆ ಅದು ಬರಲು ಹೊತ್ತು ಹಿಡಿಯುತ್ತದೆ, ಹಾಗಾಗಿ ಊದುವವರೂ ಒತ್ತುವವರೂ ಒಬ್ಬರ ನಂತರ ಒಬ್ಬರು ಕೈ ಬದಲಿಸಿಕೊಳ್ಳಬೇಕು.